ಎರಡು ಬೆರಳು

ಪುಣೆಯಿಂದ ಕೊರಿಯರಿನಲ್ಲಿ ಬಂದ ನಾಲ್ಕು ಕೆಂಪು ಸ್ಪ್ರಿಂಗು,
ಹಳೆ ಚಾದರದಲ್ಲಿ ಸುತ್ತಿ ತಂದ ನಿತೇಶ ಹರಿಕಂತ್ರ,
ಬೈತಖೋಲಿನ ಐಸ್ ಫ್ಯಾಕ್ಟರಿಯ ಹುಡುಗ.
"ಇನಾಸಣ್ಣ, ಕಾರು ನಲವತ್ತು ಎಂ.ಎಂ. ಇಳಿಯಬೇಕು."
ಶಾಕು?
"ಶಾಕು ಕಂಪನಿದೇ ಇರಲಿ. ದುಡ್ಡು ಸ್ಪ್ರಿಂಗಿಗೇ ಮುಗೀತು."

ಹೇಳಬೇಕಾದ್ದು ಹೇಳಿದೆ:
ಶಾಕಿನ ಒಳಗೊಂದು ದಂಡವಿದೆ ಮಾರಾಯ,
ಹನ್ನೊಂದು ವರ್ಷ ಒಂದೇ ಎತ್ತರದಲ್ಲಿ ನಿಂತು
ಎಣ್ಣೆಯಲ್ಲಿ ಈಜು ಕಲಿತದ್ದು.
ನೀನೀಗ ಅದನ್ನು ಕುತ್ತಿಗೆ ತನಕ ಮುಳುಗಿಸಿ
ಮೊದಲಿನಷ್ಟೇ ಉಸಿರು ಹಿಡಿ ಎನ್ನುತ್ತೀಯ.
ಹಿಡಿಯುತ್ತದೆ.
ಎಷ್ಟು ದಿನ ಅಂತ ಕೇಳಬೇಡ.
ಅವನು ಕೇಳಲಿಲ್ಲ.

ಕೋಡಿಬಾಗದಲ್ಲಿ ಯಾವ ಬೋಲ್ಟೂ
ಮೊದಲ ಮಾತಿಗೆ ಬರುವುದಿಲ್ಲ.
ಅಷ್ಟು ಉಪ್ಪು ಕುಡಿದಿರುತ್ತದೆ.
ಹದಿನೇಳರ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಡೀಸೆಲ್ ಸುರಿದು,
ಬ್ರೇಕಿನ ಹೋಸು ಜಗ್ಗದಂತೆ ತಂತಿಯಲ್ಲಿ ಕಟ್ಟಿ,
ಗಂಜಿಯ ಹೊತ್ತಿಗೆ ಒಂದು ಕಾಲು ಕೈಗೆ ಬಂತು.

ಕಂಪ್ರೆಸರಿನ ಕೊಕ್ಕೆ ಎರಡು, ಎದುರುಬದುರು.
ಇದಕ್ಕೆ ಅರ್ಧ ತಿರುವು, ಅದಕ್ಕೆ ಅರ್ಧ ತಿರುವು,
ಮಾತು ಬಿಟ್ಟ ಅಣ್ಣತಮ್ಮರಿಗೆ ಬಡಿಸಿದ ಹಾಗೆ.
ಇಲ್ಲಿ ರೇಡಿಯೋ ಬಂದ್. ಹರಟೆ ಬಂದ್.
ತೊಂಬತ್ತೆಂಟರಲ್ಲಿ ಒಮ್ಮೆ ಹರಟಿದ್ದೆ.
ಒಂದು ಪದ್ಮಿನಿ ಟ್ಯಾಕ್ಸಿಯ ಸ್ಪ್ರಿಂಗು
ನನ್ನ ತೋರುಬೆರಳಿನ ತುದಿ ಜೊತೆಗಿಟ್ಟುಕೊಂಡು
ಹಂಚು ಒಡೆದು ಹೊರಗೆ ಹೋಯಿತು.

ಹಳೆ ಬಂಪ್‌ಸ್ಟಾಪಿನಿಂದ ಒಂದು ಉಂಗುರ ಕೊಯ್ದೆ,
ಬೆಂಡೆಕಾಯಿ ಕೊಯ್ದಂತೆ.
ಕೆಂಪು ಸ್ಪ್ರಿಂಗು ಕೂತಿತು.
ಕೆಳಗಿನ ಬುಶ್ಶಿನ ಬೋಲ್ಟಿಗೆ ಮಾತ್ರ
ಕಾರು ಜಾಕಿನ ಮೇಲಿರುವಾಗ ಕೊನೆಯ ತಿರುವು ಕೊಡಬಾರದು.
ನೆಲ ಮುಟ್ಟಬೇಕು, ಭಾರ ಬೀಳಬೇಕು,
ತನ್ನ ಜಾಗ ಯಾವುದೆಂದು ಅದಕ್ಕೇ ತಿಳಿಯಬೇಕು,
ಆಮೇಲೆ ಬಿಗಿ.
ಯಾರೂ ಕಲಿಸಿದ್ದಲ್ಲ ಇದು,
ನಾನು ಹಾಳುಮಾಡಿದ ಬುಶ್ಶುಗಳು ಕಲಿಸಿದ್ದು.

ಟೈರಿಗೂ ಮಡ್ಗಾರ್ಡಿಗೂ ನಡುವೆ
ಬೆಳಿಗ್ಗೆ ನಾಲ್ಕು ಬೆರಳು, ಈಗ ಎರಡು.
ನಿತೇಶ ತನ್ನ ಬೆರಳಿಟ್ಟು ಇನ್ನೊಮ್ಮೆ ಅಳೆದ.
ನನ್ನ ಕೈಯ ಲೆಕ್ಕ ಅವನು ನಂಬುವುದಿಲ್ಲ.

ಸಂಜೆ ಟ್ರಯಲ್.
ಕಾಳಿ ಸೇತುವೆಯ ಒಂದೊಂದು ಕೀಲೂ
ನನ್ನ ಬೆನ್ನಿನ ಒಂದೊಂದು ಕೀಲನ್ನು ಹೆಸರು ಹಿಡಿದು ಕರೆಯಿತು.
ಸದಾಶಿವಗಡದ ತಿರುವಿನಲ್ಲಿ ಮಾತ್ರ, ಸುಳ್ಳು ಹೇಳಬಾರದು,
ಕಾರು ಒಂದಿಷ್ಟೂ ವಾಲಲಿಲ್ಲ.
ಆಮೇಲೆ ಶಾಲೆಯ ಮುಂದಿನ ಹಂಪು.
ಹಿಂದೆ ಕೂತಿದ್ದ ಮೂವರು ಗೆಳೆಯರು ಇಳಿದರು,
ಮೆರವಣಿಗೆಯಂತೆ ನಡೆದು ದಾಟಿದರು.
ಒಬ್ಬ ರಸ್ತೆಗೆ ಕೆನ್ನೆ ಹಚ್ಚಿ ಕಾರಿನ ಹೊಟ್ಟೆ ನೋಡುತ್ತ
"ಬಾ, ಬಾ, ಒಂದು ರೊಟ್ಟಿಯಷ್ಟು ಜಾಗ ಉಂಟು" ಎಂದು ಕೈಬೀಸಿದ.
ಕಾರು ರೊಟ್ಟಿಯನ್ನು ಕೆರೆದುಕೊಂಡೇ ದಾಟಿತು.

ಯಾಕೋ ಈ ಚಾಕರಿ, ಅಂದೆ.
ಅವನು ಗಲ್ಲ ಎತ್ತಿ ಅಳಿವೆಯ ಕಡೆ ತೋರಿಸಿದ.
ದೋಣಿಗಳು ಮರಳುವ ಹೊತ್ತು.
"ತಗ್ಗಿ ಬರೋ ದೋಣಿಯನ್ನೇ ಅಲ್ವಾ ಅಣ್ಣ
ಧಕ್ಕೆಯಲ್ಲಿ ಎಲ್ಲರೂ ಎದ್ದು ನೋಡೋದು?
ನಮ್ಮಪ್ಪಂದು ಯಾವತ್ತೂ ಎತ್ತರಕ್ಕೇ ಬರ್ತಿತ್ತು."
ಹೇಳಿ ಎಫ್.ಎಂ. ಹಾಕಿದ, ಜೋರಾಗಿ.

ಮಜೂರಿಯಲ್ಲಿ ಇನ್ನೂರು ಬಿಟ್ಟೆ.
ಅಲೈನ್‌ಮೆಂಟು ಮರೆಯಬೇಡ, ಟೈರು ತಿನ್ನುತ್ತದೆ, ಎಂದೆ.

ಅವನ ಹಳೆ ಸ್ಪ್ರಿಂಗು ಮೂಲೆಯಲ್ಲಿವೆ, ಗುಜರಿಗೆ ಹಾಕಿಲ್ಲ.
ಹೊರಲು ಏನೂ ಇಲ್ಲದೆ
ಕಾರಿನಡಿ ಇದ್ದುದಕ್ಕಿಂತ ಒಂದು ಗೇಣು ಎತ್ತರ ನಿಂತಿವೆ.
ಚಾಕಿನಲ್ಲಿ ಬರೆದಿದ್ದೇನೆ: ನಿತೇಶ, ಹಿಂದೆ, ಎಡ.
ಶಾಕು ಎಣ್ಣೆ ಬೆವರಿದ ದಿನ ಬರುತ್ತಾನೆ,
ಅಥವಾ ಆ ರೊಟ್ಟಿ ಕಲ್ಲಾದ ದಿನ.
ಅಲ್ಲಿಯ ತನಕ ಒಂದರ ಮೇಲೆ ಹಂಚಿನ ತುಂಡು,
ಅದರ ಮೇಲೆ ನನ್ನ ಚಹಾದ ಲೋಟ.
ಅಷ್ಟು ಭಾರಕ್ಕೆ ಅದು ಕೂದಲೆಳೆಯಷ್ಟೂ ಬಗ್ಗಿಲ್ಲ.